ಹೊಳೆವ್ವ ಆಡಿದ್ದು, ನಾನು ಬರೆದದ್ದು

೪ ಜನವರಿ ೧೯೮೭, ರವಿವಾರ. ಜಮಖಂಡಿ

ಇವತ್ತೂ ಹೂವೇ ಜೋಡಿಸಿದೆ.

ಮೂರು ವರ್ಷ ಬೆಂಗಳೂರಿನ ದೈವಶಾಸ್ತ್ರ ಕಾಲೇಜಿನಲ್ಲಿ ಗ್ರೀಕ್ ಉರು ಹೊಡೆದು, ಹೀಬ್ರೂವನ್ನು ಬಲದಿಂದ ಎಡಕ್ಕೆ ಓದಿ ಕುತ್ತಿಗೆ ನೋಯಿಸಿಕೊಂಡು, ಇಪ್ಪತ್ತಾರನೆಯ ವಯಸ್ಸಿಗೇ ಚಾಳೀಸು ಹಾಕಿಕೊಂಡು ಬಂದವಳು ನಾನು. ಜಮಖಂಡಿಯ ಕ್ರೈಸ್ತ ಸಭೆಯಲ್ಲಿ ಎರಡು ಹಿತ್ತಾಳೆ ಹೂದಾನಿಗಳಿಗೆ ಸೇವಂತಿಗೆ ಸಿಕ್ಕಿಸುತ್ತೇನೆ. ಆಮೇಲೆ ಹಿಂದಿನ ಕೋಣೆಯಲ್ಲಿ ಸಂಡೇ ಸ್ಕೂಲಿನ ಹನ್ನೊಂದು ಮಕ್ಕಳ ಮೂಗು ಒರೆಸುತ್ತೇನೆ. ಅಕ್ಟೋಬರಿನಿಂದ ನನ್ನ ಸಭಾಸೇವೆ ಅಂದರೆ ಇಷ್ಟೇ.

ವಿಶ್ವವಿದ್ಯಾಲಯದ ನಿಯಮ ಮಾತ್ರ ಬೇರೆ ಹೇಳುತ್ತದೆ. ಕೊನೆಯ ವರ್ಷ ಆರು ತಿಂಗಳು ಒಂದು ಸಭೆಯಲ್ಲಿ ಕೆಲಸ ಮಾಡಬೇಕು. ಒಂದಾದರೂ ಆರಾಧನೆಯನ್ನು ನಾನೇ ನಡೆಸಬೇಕು. ಕಾಯಿಲೆಯವರನ್ನು ಭೇಟಿಯಾಗಿ ‘ಮಾತಿನ ವರದಿ’ ಎಂಬುದನ್ನು ಎಂಟು ಸಲ ಬರೆಯಬೇಕು. ಕಡೆಗೆ ಸಭಾ ಕಮಿಟಿಯ ಕಾರ್ಯದರ್ಶಿ ‘ಈಕೆ ಸೇವೆಗೆ ಯೋಗ್ಯಳು’ ಎಂದು ಫಾರ್ಮಿನ ಮೇಲೆ ಸಹಿ ಹಾಕಬೇಕು. ಅದು ಮಾರ್ಚ್ ೩೧ರೊಳಗೆ ರಜಿಸ್ಟರ್ ಆಗಿ ಪೋಸ್ಟಿಗೆ ಬೀಳಬೇಕು. ಸಹಿ ಇಲ್ಲದಿದ್ದರೆ ಪದವಿ ಇಲ್ಲ, ಪದವಿ ಇಲ್ಲದಿದ್ದರೆ ದೀಕ್ಷೆ ಇಲ್ಲ. ಮುಧೋಳದಲ್ಲಿ ಸಾಲಿ ಮಾಸ್ತರರಾದ ಅಪ್ಪ ಊರಿಗೆಲ್ಲ ‘ನಮ್ಮ ಮಾದೇವಿ ಅಯ್ಯನೋರು ಆಗ್ತಾಳ’ ಎಂದು ಹೇಳಿಕೊಂಡು ತಿರುಗಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಆ ಕಾರ್ಯದರ್ಶಿ ಕಾಶಪ್ಪನವರು. ಇಲ್ಲಿನ ಕೋರ್ಟಿನಲ್ಲಿ ಶಿರಸ್ತೇದಾರರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಪ್ರಸಂಗ ಮಾಡಲು ಯಾವಾಗ ಅವಕಾಶ ಕೊಡುತ್ತೀರಿ ಎಂದು ಇವತ್ತು ನಾಲ್ಕನೆಯ ಸಲ ಕೇಳಿದೆ.

“ತಂಗಿ, ಪೀಠದ ಮ್ಯಾಲ ಹೆಣ್ಣಮಗಳು ನಿಂತ್ರ ಮಂದಿ ದೇವರ ವಾಕ್ಯ ಕೇಳ್ತಾರೋ, ಸೀರಿ ನೋಡ್ತಾರೋ?”

“ನೀವು ಏನ ನೋಡ್ತೀರಿ ಕಾಕಾ?” ಎಂದು ನಾಲಿಗೆ ತುದಿಗೆ ಬಂತು. ನುಂಗಿದೆ.

ಸಭಾಪಾಲಕರು ಪರಮಾನಂದ ಅಯ್ಯನವರು ಪಕ್ಕದಲ್ಲೇ ನಿಂತು ‘ನೋಡೂಣಂತ’ ಎಂದರು. ನಮ್ಮ ಸಭೆಯಲ್ಲಿ ಸಂಸ್ಕಾರಗಳು ಎರಡೇ, ದೀಕ್ಷಾಸ್ನಾನ ಮತ್ತು ಪ್ರಭುಭೋಜನ. ಅಯ್ಯನವರು ‘ನೋಡೂಣಂತ’ ಎಂಬ ಮೂರನೆಯದನ್ನು ಸೇರಿಸಿಕೊಂಡಿದ್ದಾರೆ.

೬ ಜನವರಿ, ಮಂಗಳವಾರ

ಮೊದಲ ವರದಿ ಕಾಲೇಜಿನಿಂದ ವಾಪಸು ಬಂತು. ಮಾತಿನ ವರದಿ ಅಂದರೆ ಕಾಯಿಲೆಯವರ ಜೊತೆ ಆಡಿದ್ದನ್ನು ಮನೆಗೆ ಬಂದು, ನೆನಪಿನಿಂದ, ಆಡಿದ್ದು ಆಡಿದ ಹಾಗೆ ಬರೆಯುವುದು. ಎಡಗಡೆ ನಾನು, ಬಲಗಡೆ ಅವರು. ಹೆಸರು ಹಾಕಬಾರದು. ಪ್ರೊಫೆಸರು ಅದನ್ನು ಓದಿ ನನ್ನನ್ನು ತಿದ್ದುತ್ತಾರೆ. ಕೆಂಪು ಮಸಿಯಲ್ಲಿ ಬರೆದಿದ್ದಾರೆ: ‘ನೀನು ಹತ್ತೊಂಬತ್ತು ಸಾಲು ಮಾತಾಡಿದ್ದೀ. ರೋಗಿ ನಾಲ್ಕು ಸಾಲು. ಕಾಯಿಲೆ ಯಾರಿಗೆ?’

ಎರಡು ಸಲ ಓದಿ ಹರಿದು ಹಾಕಬೇಕು ಅನ್ನಿಸಿತು. ಸಮಾಧಾನದ ಮಾತು ಹೇಳುವುದು ತಪ್ಪೇ? ಹಾಗಾದರೆ ಮೂರು ವರ್ಷ ಓದಿದ್ದನ್ನು ಎಲ್ಲಿ ಇಟ್ಟುಕೊಳ್ಳಲಿ?

ಸಂಜೆ ಹೊಸ ರೋಗಿಯ ಮನೆಗೆ ಹೋದೆ. ಅದೃಷ್ಟ ನೋಡು, ಆಕೆ ಕಾಶಪ್ಪನವರ ತಾಯಿ. ಹೊಳೆವ್ವ, ಎಪ್ಪತ್ತೈದರ ಆಸುಪಾಸು. ಹೊಟ್ಟೆಯಲ್ಲಿ ಗಡ್ಡೆ. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಮೀರಜಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ಕಾಶಪ್ಪನವರ ಹೆಂಡತಿ ತಾಯವ್ವ ನನ್ನನ್ನು ಒಳಗೆ ಬಿಟ್ಟು ಚಹಾ ಇಡಲು ಹೋದರು.

ಪ್ರಾರ್ಥನೆ ಮಾಡಿದೆ. ಚೆನ್ನಾಗಿಯೇ ಮಾಡಿದೆ. ಕಣ್ಣು ತೆರೆದರೆ ಮುದುಕಿ ನನ್ನನ್ನೇ ನೋಡುತ್ತ ಕೂತಿದ್ದಳು.

“ಭಾಳ ಉದ್ದ ಮಾಡತಿ ಬೇ,” ಎಂದಳು.

೯ ಜನವರಿ, ಶುಕ್ರವಾರ

ಹೊಳೆವ್ವನ ಹತ್ತಿರ ಹೋಗಿದ್ದೆ. ಇವತ್ತು ಬೇಕಂತಲೇ ಕಡಿಮೆ ಮಾತಾಡಿದೆ, ಪ್ರೊಫೆಸರ ಮೇಲಿನ ಸಿಟ್ಟಿಗೆ. ಮುದುಕಿ ತಾನು ಸಾವಳಗಿಯ ಕುರಿಗಾರರ ಮನೆಯ ಮಗಳು, ಬೀರೇಶ್ವರನ ಒಕ್ಕಲು ಎಂದು ಹೇಳಿದಳು. ಮದುವೆಯಾದ ಮೂರು ವರ್ಷಕ್ಕೆ ಗಂಡ ಸಾತಪ್ಪ ಸಭೆಗೆ ಸೇರಿದ, ಅವನ ಹಿಂದೆ ಇವಳೂ ಬಂದಳು. ತಂಗಿ ಮಾಯವ್ವ ಸಾವಳಗಿಯಲ್ಲೇ ಇದ್ದಾಳೆ, ಕುರಿ ಇದ್ದಾವೆ, ದೇವರು ಹಳೆಯದೇ.

ನನ್ನ ಹೆಸರು ಕೇಳಿ ನಕ್ಕಳು. “ಮಾದೇವಿ! ಈ ದೇವಿ ಹೆಸರ ಹ್ಯಾಂಗ ಬಿಟ್ರು ನಿಮ್ಮ ಅಯ್ಯನೋರು?” ಅಜ್ಜಿಯ ಹೆಸರು ಎಂದೆ. ಬೆಂಗಳೂರಿನಲ್ಲಿ ಹುಡುಗರು ಇದೇ ಮಾತಿಗೆ ನಗುತ್ತಿದ್ದರೆ ಮೈ ಉರಿಯುತ್ತಿತ್ತು. ಇವಳಿಗೆ ಯಾಕೋ ಉರಿಯಲಿಲ್ಲ. ದಣಿವಿರಬೇಕು.

೨೦ ಜನವರಿ, ಮಂಗಳವಾರ

ಇವತ್ತಿನದು ನಾಲ್ಕನೆಯ ವರದಿ. ಪ್ರೊಫೆಸರು ಏನು ಕೆಂಪು ಬರೆಯುತ್ತಾರೋ ನೋಡುತ್ತೇನೆ, ಯಾಕೆಂದರೆ ನಾನು ಬಾಯಿ ಬಿಟ್ಟದ್ದೇ ಎರಡು ಸಲ. ಇಲ್ಲಿಯೂ ಬರೆದಿಟ್ಟುಕೊಳ್ಳುತ್ತೇನೆ.

ನಾನು: ಏನ ಮಾಡಾಕತ್ತೀರಿ ಆಯಿ?

ಅವರು: ಏನ ಮಾಡ್ಲಿ, ಸಾಯಾಕತ್ತೇನಿ. (ನಗು.) ನನ್ನ ಗಂಡ ಸತ್ತು ಹದಿನಾರ ವರ್ಷ ಆತು. ನಾ ಅತ್ತಿಲ್ಲ.

ನಾನು: ಯಾಕ್ರಿ?

ಅವರು: ಅಳಗೊಡಲಿಲ್ಲ. ಧಾರವಾಡದಿಂದ ದೊಡ್ಡ ದೊಡ್ಡ ಅಯ್ಯನೋರು ಬಂದಿದ್ರು. ಹೆಣದ ಮುಂದ ಹಾಡ್ಯಾಡಿ ಅಳೂದು ನಂಬಿಕಿ ಇಲ್ಲದವರ ಕೆಲಸ, ಹಾಂಗ ಮಾಡಬ್ಯಾಡ ಅಂತ ಮಗ ಹೇಳಿದ. ನಾ ಸೆರಗ ಬಾಯಾಗ ತುರುಕ್ಕೊಂಡು ಕುಂತೆ. ಗೀತ ಹಾಡಿದ್ರು. ಛಲೋ ಹಾಡಿದ್ರು, ಇಲ್ಲನ್ನಂಗಿಲ್ಲ. ಆದ್ರ ಅವರು ಯಾರೂ ನನ್ನ ಗಂಡನ ಹೆಸರ ತಗೀಲಿಲ್ಲ. ಅಂವ ಹ್ಯಾಂಗ ಬಂದ, ಏನ ಉಂಡ, ಎಷ್ಟ ಬೈದ, ಎಲ್ಲಿ ಬಿದ್ದ, ಯಾರೂ ಹೇಳಲಿಲ್ಲ. ಸುಮ್ಮ ಪೆಟಗಿ ಮುಚ್ಚಿದ್ರು. ನಾ ಹೋದಾಗ ಮಾಯವ್ವ ಬರಬೇಕು. ಬಂದು ನನ್ನ ಮುಂದ ಹಾಡ್ಯಾಡಬೇಕು. ಸಣ್ಣಾಕಿದ್ದಾಗಿಂದ ನಂದೆಲ್ಲಾ ಅಕಿಗೆ ಗೊತ್ತೈತಿ. ಇದನ್ನ ಮಗಗ ಹೇಳಬೇಕು. ಇವತ್ತ ಹೇಳತೇನಿ, ನಾಳಿ ಹೇಳತೇನಿ ಅಂತ ದಿನಾ ದೂಡಾಕತ್ತೇನಿ.

ದೈವಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಪುನರುತ್ಥಾನದ ನಿರೀಕ್ಷೆ, ದುಃಖದ ಮಿತಿ, ನೋಟ್ಸಿನಲ್ಲಿ ನಾಲ್ಕು ಪುಟ. ಅಷ್ಟರಲ್ಲಿ ತಾಯವ್ವ ಚಹಾ ತಂದರು. ಮಾತು ಅಲ್ಲಿಗೇ ನಿಂತಿತು. ಮುಂದಿನ ವಾರ ಹೇಳಬಹುದು.

೨೮ ಜನವರಿ, ಬುಧವಾರ

ಕಾಲೇಜಿನಿಂದ ಕಾರ್ಡು. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇದೆಯಂತೆ, ಉಳಿದ ವರದಿಗಳನ್ನು ಟೈಪ್ ಮಾಡಿಸಿ ಕಳಿಸಬೇಕಂತೆ. ವಾರದೊಳಗೆ! ಜಮಖಂಡಿಯಲ್ಲಿ ಕನ್ನಡ ಟೈಪು ಹುಡುಕಿಕೊಂಡು ಎಲ್ಲಿ ಅಲೆಯಲಿ? ಬೈದುಕೊಳ್ಳುತ್ತ ಹೋಗಿ ನಾಲ್ಕನೆಯ ವರದಿಯನ್ನು ಅಯ್ಯನವರ ಮೇಜಿನ ಮೇಲೆ ಹಾಕಿ, “ಸಹಿ ಮಾಡಿ ಟೈಪಿಗೆ ಕೊಟ್ಟಬಿಡ್ರಿ, ನನಗ ಸಾಕಾಗೇತಿ,” ಎಂದು ಬಂದೆ. ಅಯ್ಯನವರು ‘ಆತು’ ಎಂದರು.

೩ ಫೆಬ್ರವರಿ, ಮಂಗಳವಾರ

ದೇವರೇ, ನಾನೆಂಥ ಕತ್ತೆ.

ಸಭೆಯ ಕಾಗದ ಪತ್ರಗಳೆಲ್ಲ ಎಲ್ಲಿ ಟೈಪ್ ಆಗುತ್ತವೆ ಎಂದು ನನಗೆ ಗೊತ್ತಿರಲಿಲ್ಲವೇ? ಕೋರ್ಟಿನಲ್ಲಿ. ಕಾಶಪ್ಪನವರ ಕೈಕೆಳಗಿನ ಗುಮಾಸ್ತ ಮಾಡುತ್ತಾನೆ. ಅಯ್ಯನವರು ಪ್ರತಿ ಸಲದ ಹಾಗೆ ಕವರಿಗೆ ಹಾಕಿ ಕಾಶಪ್ಪನವರಿಗೇ ಕೊಟ್ಟರು. ಹೆಸರಿಲ್ಲ, ನಿಜ. ಆದರೆ ಸಾವಳಗಿಯ ತಂಗಿ, ಮಾಯವ್ವ, ಧಾರವಾಡದ ಅಯ್ಯನೋರು, ಹದಿನಾರು ವರ್ಷ, ಎಲ್ಲ ಇದೆ. ತಾಯಿಯ ಮಾತನ್ನು ಮಗ ಗುರುತಿಸದೇ ಇರುತ್ತಾನೆಯೇ?

ಸಂಜೆ ಹೊಳೆವ್ವನ ಹತ್ತಿರ ಹೋದಾಗ ಕಾಶಪ್ಪನವರೇ ಬಾಗಿಲಲ್ಲಿ ನಿಂತಿದ್ದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

“ಹೇಳಿಕಿ ಛಂದ ಬರಕೊಂಡೀದಿ. ನಮ್ಮ ಕೋರ್ಟಿನಾಗೂ ಇಷ್ಟ ಛಂದ ಬರಿಯೂದಿಲ್ಲ. ನಮ್ಮ ಮನಿ ಮಾತು ಬೆಂಗಳೂರಾಗ ಯಾರ್ಯಾರು ಓದ್ತಾರ?”

“ಪ್ರೊಫೆಸರು ಒಬ್ಬರರೀ.”

“ನಮ್ಮ ಗುಮಾಸ್ತನೂ ಓದಿದ. ಲೆಕ್ಕದಾಗ ಹಿಡಿ.” ಆಮೇಲೆ ಹೇಳಿದರು: “ಅವ್ವಗ ದಣಿವಾಗತೈತಿ. ಇನ್ನ ಬರಬ್ಯಾಡ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನಂತೂ ಆಡಿದ್ದನ್ನು ಬರೆದು, ಬರೆದದ್ದನ್ನು ಟೈಪಿಗೂ ಕಳಿಸಿದೆ.

೪ ಫೆಬ್ರವರಿ

ಅಯ್ಯನವರ ಹತ್ತಿರ ಹೋಗಿ ಕೂಗಾಡಿದೆ. ‘ನೀನ ಟೈಪಿಗೆ ಕೊಡು ಅಂದಿದ್ದೆಲ್ಲ’ ಎಂದರು. ಜೀವಮಾನದಲ್ಲಿ ಒಮ್ಮೆ ‘ನೋಡೂಣಂತ’ ಅನ್ನಬೇಕಾಗಿದ್ದಾಗ ಅನ್ನಲಿಲ್ಲ.

೧೭ ಫೆಬ್ರವರಿ, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ನನಗೆ ಕೋಣೆ ಕೊಟ್ಟಿರುವ ಅನ್ನವ್ವ ಬಂದು, “ತಾಯವ್ವ ಕರ್ಯಾಕತ್ತಾಳ. ಅಕಿ ಗಂಡ ಕೋರ್ಟಿಗೆ ಹೋಗ್ಯಾನ, ಲಗೂ ಹೋಗು,” ಎಂದಳು. ಕೈ ತೊಳೆದು ಓಡಿದೆ. ಕಳ್ಳರ ಹಾಗೆ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಬೇಕಾಯಿತು. ಇದೂ ಸಭಾಸೇವೆ!

ಹೊಳೆವ್ವ ಬಹಳ ಇಳಿದಿದ್ದಾಳೆ. ಕೈ ಹಿಡಿದು ತಪ್ಪಾಯಿತು ಎಂದೆ. ಅದಕ್ಕೆ ಅವಳು ಹೇಳಿದ್ದು ಇಷ್ಟು: “ಮಗಗ ಗೊತ್ತಾತು ಅಂತ ಸಿಟ್ಟಿಲ್ಲ ಬೇ. ನಾ ಹೇಳಬೇಕಿತ್ತು. ನೀ ಹೇಳಿಬಿಟ್ಟಿ. ಈಗ ಅಂವ ನನ್ನ ಮುಂದ ಕುಂಡ್ರೂದಿಲ್ಲ, ಬಾಗಿಲದಾಗ ನಿಂತು ಗುಳಿಗಿ ತಗೊಂಡಿಯೇನು ಅಂತ ಕೇಳಿ ಹೋಗತಾನ.”

ಜಾರಿದ್ದ ಹೊದಿಕೆ ಸರಿಮಾಡಿದೆ.

“ಇವತ್ತಿಂದು ಬರೀಬ್ಯಾಡ,” ಎಂದಳು. ಆಯಿತು ಎಂದೆ. ಒಂದು ಗಂಟೆ ಕೂತಿದ್ದೆ. ಅವಳು ನಿದ್ದೆ ಹೋಗುವುದು, ಎಚ್ಚರಾಗುವುದು, ನಾನು ಇದ್ದೇನೆಯೇ ಎಂದು ನೋಡುವುದು. ಪ್ರಾರ್ಥನೆ ಮಾಡಲಿಲ್ಲ, ವಾಕ್ಯ ಓದಲಿಲ್ಲ. ವರದಿಗೆ ಏನೂ ಸಿಗಲಿಲ್ಲ. ಇನ್ನೂ ನಾಲ್ಕು ವರದಿ ಬಾಕಿ ಇರುವಾಗ ಹೀಗೆ ಒಂದು ಮಧ್ಯಾಹ್ನ ಹಾಳಾಯಿತು.

೨೦, ೨೪, ೨೭ ಫೆಬ್ರವರಿ

ಹೋಗಿದ್ದೆ. ಹಿತ್ತಲ ಬಾಗಿಲು. ಬರೆಯುವಂಥದ್ದು ಏನಿಲ್ಲ.

ಉಳಿದ ನಾಲ್ಕು ವರದಿಗಳನ್ನು ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮಾಡಿ ಮುಗಿಸಿದೆ. ಕೈಬರಹದಲ್ಲೇ ಕಳಿಸಿದೆ. ಓದಿದರೆ ಓದಲಿ, ಬಿಟ್ಟರೆ ಬಿಡಲಿ.

೮ ಮಾರ್ಚ್, ರವಿವಾರ

ಹೊಳೆವ್ವ ಹೋದಳು. ಬೆಳಗಿನ ಆರು ಗಂಟೆಗೆ.

ರವಿವಾರವಾದ್ದರಿಂದ ಅಯ್ಯನವರು ಬನಹಟ್ಟಿಯ ಆರಾಧನೆಗೆ ಹೋಗಿದ್ದರು. ಸಂಜೆಯ ಒಳಗೆ ಬರುವ ಹಾಗಿರಲಿಲ್ಲ. ಎಂಟು ಗಂಟೆಗೆ ಕಾಶಪ್ಪನವರೇ ನನ್ನ ಕೋಣೆಗೆ ಬಂದರು. ಅಂಗಿಗೆ ಇಸ್ತ್ರಿ ಇರಲಿಲ್ಲ.

“ಮನಿ ಪ್ರಾರ್ಥನಿ, ಮಣ್ಣ ಕೊಡೂದು, ಎಲ್ಲಾ ನೀನ ನಡಸು. ಪೂರಾ ಆರಾಧನಿ ನಿಂದ. ಫಾರ್ಮಿನ ಮ್ಯಾಲ ಸಹಿ ನಾ ಹಾಕತೇನಿ.” ಸ್ವಲ್ಪ ತಡೆದರು. “ಒಂದ ಮಾತು. ಕೋರ್ಟಿನ ಮಂದಿ ಬರ್ತಾರ, ಜಡ್ಜ್ ಸಾಹೇಬರೂ ಬರಬಹುದು. ಹೆಣ್ಣಮಕ್ಕಳ ದನಿ ಹೊರಗ ಕೇಳಬಾರದು. ಅದನ್ನ ನೀ ನೋಡಿಕೋಬೇಕು.”

ನಾನು ಏನು ಹೇಳಿದೆ? ‘ಹೂಂ’ ಎಂದೆ. ಯೋಚನೆ ಮಾಡಿದೆನೇ? ಇಲ್ಲ. ಬಿಳಿ ಸೀರೆಗೆ ಇಸ್ತ್ರಿ ಇದೆಯೇ ಎಂದು ನೋಡಿದೆ.

ಹತ್ತು ಗಂಟೆಗೆ ಪಡಸಾಲೆಯಲ್ಲಿ ಪೆಟ್ಟಿಗೆಯ ತಲೆದೆಸೆಗೆ ನಿಂತೆ. ಪುಸ್ತಕ ತೆರೆದೆ. ಆಗ ಸಾವಳಗಿಯ ಬಸ್ಸಿನಿಂದ ಇಳಿದು ಮೂವರು ಹೆಂಗಸರು ಬಂದರು. ಮುಂದೆ ಇದ್ದವಳನ್ನು ಹಿಂದೆ ನೋಡಿರಲಿಲ್ಲ, ಆದರೆ ಹೊಳೆವ್ವನದೇ ಮುಖ. ಮಾಯವ್ವ. ಕೈಯಲ್ಲಿ ಹೊಸ ಇಳಕಲ್ ಸೀರೆ. ಹೆಣ್ಣುಮಗಳು ಸತ್ತರೆ ತವರಿನವರು ತಂದು ಹೊದಿಸುವ ಸೀರೆ. ಗೇಟಿನ ಕಂಬ ಹಿಡಿದು ಒಮ್ಮೆ “ಯಕ್ಕಾ” ಎಂದಳು. ಬೀದಿಯೆಲ್ಲ ಕೇಳುವ ಹಾಗೆ. ಕಾಶಪ್ಪನವರು ಗೇಟಿಗೆ ಅಡ್ಡ ಹೋಗಿ ನಿಂತು, ತಿರುಗಿ ನನ್ನ ಕಡೆ ನೋಡಿದರು.

ಎಲ್ಲರೂ ನನ್ನ ಕಡೆಯೇ ನೋಡಿದರು. ತಾಯವ್ವ ಕೂಡ.

ನಾನು ಪುಟ ತಿರುಗಿಸಿ ಗೀತೆಯ ನಂಬರು ಹೇಳಿದೆ. ಗಟ್ಟಿಯಾಗಿ ಹೇಳಿದೆ. ಎಲ್ಲರೂ ಹಾಡಿದರು. ಮೂರನೆಯ ಚರಣದ ಹೊತ್ತಿಗೆ ಗೇಟಿನ ಹತ್ತಿರ ಯಾರೂ ಇರಲಿಲ್ಲ. ಸೀರೆ ಕಂಬದ ಮೇಲಿತ್ತು. ತಾಯವ್ವ ಹೋಗಿ ಅದನ್ನು ಸೆರಗಿನೊಳಗೆ ಮುಚ್ಚಿ ತಂದರು. ಪೆಟ್ಟಿಗೆಯೊಳಗೆ ಹಾಕಿದರೋ ಇಲ್ಲವೋ ಗೊತ್ತಿಲ್ಲ. ನಾನು ಪ್ರಸಂಗ ಮಾಡುತ್ತಿದ್ದೆ.

೯ ಮಾರ್ಚ್

ಪ್ರಸಂಗ ಬಹಳ ಚೆನ್ನಾಗಿತ್ತಂತೆ. ಜಡ್ಜ್ ಸಾಹೇಬರು ಹೇಳಿದರಂತೆ. ಅಪ್ಪನಿಗೂ ಸುದ್ದಿ ಮುಟ್ಟಿ, ಮುಧೋಳದಿಂದ ಪೇಢೆ ಕಳಿಸಿದ್ದಾರೆ. ಅನ್ನವ್ವನಿಗೆ ಕೊಟ್ಟೆ.

೧೫ ಮಾರ್ಚ್, ರವಿವಾರ

ಪೀಠದ ಮೇಲೆ ನಿಲ್ಲಿಸಿದರು. ಕಾಶಪ್ಪನವರೇ ನನ್ನ ಹೆಸರು ಕೂಗಿದರು. ಅಕ್ಟೋಬರಿನಿಂದ ಇದೇ ಬೇಕು ಎಂದು ಹಲ್ಲು ಕಡಿದುಕೊಂಡು ಕಾದದ್ದು. ಇಪ್ಪತ್ತು ನಿಮಿಷ ಮಾತಾಡಬೇಕಾಗಿತ್ತು, ಒಂಬತ್ತು ನಿಮಿಷಕ್ಕೆ ಮುಗಿಯಿತು. ಮುಂದೆ ಹೇಳಲು ಏನೂ ಇರಲಿಲ್ಲ. ಅಯ್ಯನವರಿಗೆ ಮಾತ್ರ ಖುಷಿಯಾಯಿತು, ಬೇಗ ಊಟ ಸಿಕ್ಕಿತು.

ಫಾರ್ಮು ತುಂಬಿ ಇಟ್ಟಿದ್ದೇನೆ. ಕಮಿಟಿ ಸೇರುವುದು ೩೦ಕ್ಕೆ. ೩೧ಕ್ಕೆ, ಪೋಸ್ಟಿನ ಕಡೆಯ ದಿನವೇ, ತಾವೇ ಬಂದು ಸಹಿ ಹಾಕುವುದಾಗಿ ಕಾಶಪ್ಪನವರು ಹೇಳಿದ್ದಾರೆ.

೨೪ ಮಾರ್ಚ್, ಮಂಗಳವಾರ

ಮಂಗಳವಾರ ಬಂದರೆ ಕಾಲು ತಾವೇ ಹೊಳೆವ್ವನ ಬೀದಿಗೆ ಹೋಗುತ್ತವೆ. ಅರ್ಧ ದಾರಿಗೆ ಹೋಗಿ ತಿರುಗಿ ಬಂದೆ. ನನ್ನ ಮೇಲೆ ನನಗೇ ಹೇಸಿಗೆ. ಹೇಳುವುದು ವೇದ, ತಿನ್ನುವುದು ಬದನೆಕಾಯಿ.

೩೧ ಮಾರ್ಚ್, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ಕೈ ನೋಯುತ್ತಿದ್ದರೂ.

ಹನ್ನೊಂದು ಗಂಟೆಗೆ ಕಾಶಪ್ಪನವರು ಬಂದರು. ಕಮಿಟಿ ಒಪ್ಪಿದೆ ಎಂದರು. ಕುರ್ಚಿಯ ಮೇಲೆ ಕೂತು ಜೇಬಿನಿಂದ ಪೆನ್ನು ತೆಗೆದರು. ಫಾರ್ಮು ಮುಂದೆ ಇಟ್ಟೆ. ಪೆನ್ನಿನ ಕ್ಯಾಪು ಬಿಚ್ಚಿದರು, ಮತ್ತೆ ಹಾಕಿದರು.

“ಮಾದೇವಿ, ಇನ್ನೂ ಬರದೀದಿ ಏನು? ಅವ್ವಂದು?”

“ಇಲ್ಲರೀ.”

“ನೀ ಹಿತ್ತಲ ಬಾಗಲದಿಂದ ಬರ್ತಿದ್ದಿ. ನಂಗ ಗೊತ್ತಿತ್ತು. ನಾ ಸುಮ್ಮನಿದ್ದೆ. ಬರದಿದ್ರ ಕೊಡು, ಓದಿ ತಿರುಗಿ ಕೊಡತೇನಿ.”

“ಬರೀಬ್ಯಾಡ ಅಂದ್ರು. ಬರೀಲಿಲ್ಲರೀ.”

ಆಗ ಅವರು ಜೇಬಿನಿಂದ ಮಡಚಿದ ಒಂದು ಹಾಳೆ ತೆಗೆದರು. ನನ್ನ ನಾಲ್ಕನೆಯ ವರದಿಯ ಕಾರ್ಬನ್ ಪ್ರತಿ. ಮಡಿಕೆಯಲ್ಲಿ ಹರಿಯುವಷ್ಟು ತೆಳ್ಳಗಾಗಿತ್ತು.

“ಇಪ್ಪತ್ತೆಂಟ ವರ್ಷ ಕೋರ್ಟಿನಾಗ ಮಂದಿ ಹೇಳಿಕಿ ಓದೇನಿ. ಹೆತ್ತಾಕಿದು ಇದೊಂದ ಹಾಳಿ ಐತಿ ನನ್ನ ಹಂತ್ಯಾಕ. ನಾ ಕೇಳಲಿಲ್ಲ. ಬಾಗಿಲದಾಗ ನಿಂತು ಗುಳಿಗಿ ಕೇಳಿ ಹೋದೆ. ಅಕಿ ಹೇಳತಿದ್ಲೇನೋ.”

ಹೊರಗೆ ಅನ್ನವ್ವ ಕಾಳು ಕೇರುವ ಸದ್ದು ನಿಂತು, ಮತ್ತೆ ಸುರುವಾಯಿತು.

“ಸಾವಳಗಿಗೆ ಹೋಗೂಣ್ರಿ,” ಎಂದೆ.

“ಯಾವ ಮುಖ ಹೊತ್ತು ಹೋಗಲಿ? ಚಿಗವ್ವನ್ನ ಗೇಟಿನಾಗ ನಿಲ್ಲಿಸೇನಿ.”

“ನಂದೂ ಅದ ಮುಖರೀ,” ಎಂದೆ.

ಹನ್ನೆರಡೂವರೆಯ ಬಸ್ಸು ಒಂದೂಕಾಲಿಗೆ ಬಂತು. ಕೂರಲು ಜಾಗವಿರಲಿಲ್ಲ. ಶಿರಸ್ತೇದಾರರು ಯಾರದೋ ಮೆಣಸಿನಕಾಯಿ ಚೀಲದ ಪಕ್ಕ ಸೀನುತ್ತ ನಿಂತರು. ರಸ್ತೆ ಎಂಬುದು ಇದೆ ಎಂದು ಸರಕಾರ ನಂಬಿದೆ, ಅಷ್ಟೇ.

ಮಾಯವ್ವ ಮನೆಯ ಮುಂದಿನ ಬೇವಿನ ಕೆಳಗೆ ಕೂತು ಉಣ್ಣೆ ಹಿಂಜುತ್ತಿದ್ದಳು. ನಮ್ಮನ್ನು ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಕಾಶಪ್ಪನವರು ಅಂಗಳದ ಆಚೆಗೇ ಚಪ್ಪಲಿ ಬಿಟ್ಟು, ಸುಡುವ ಮಣ್ಣಿನಲ್ಲಿ ನಿಂತು, “ಚಿಗವ್ವಾ,” ಎಂದರು.

ಅವಳು ಉಣ್ಣೆ ಹಿಂಜುತ್ತಲೇ ಇದ್ದಳು. “ಯಾಕ ಬಂದಿ?”

“ಅವ್ವನ ಸಲುವಾಗಿ ಹಾಡ್ಯಾಡು.”

“ಅವತ್ತ ಅಷ್ಟ ಮಂದಿ ಮುಂದ ಮುಚ್ಚಿದ ಬಾಯಿ ಇವತ್ತ ತೆಗಿ ಅಂತೀಯೇನು? ಹೆಣಾ ಎಲ್ಲೈತಿ? ಯಾರ ಮುಂದ ಹಾಡ್ಯಾಡಲಿ, ಕುರಿ ಮುಂದ?”

ಕಾಶಪ್ಪನವರು ತಲೆ ತಗ್ಗಿಸಿದರು. ನಾನು ಮುಂದೆ ಹೋಗಿ, “ಗೀತಿ ಹಾಡಿಸಿದಾಕಿ ನಾನರೀ. ಅವರು ನೋಡಿದ್ದಷ್ಟ. ನಂಬರ ಹೇಳಿದಾಕಿ ನಾನು,” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಗೊತ್ತೈತಿ. ದನಿ ಗಟ್ಟಿ ಐತಿ ನಿಂದು,” ಎಂದಳು. ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಉಣ್ಣೆಯನ್ನು ಬುಟ್ಟಿಗೆ ಹಾಕಿ ಎದ್ದಳು. ಬಂದು ಕಾಶಪ್ಪನವರ ಮುಂದೆ ನಿಂತಳು. ಅವರ ಎದೆಯ ಮಟ್ಟಕ್ಕೆ ಬರುತ್ತಾಳೆ.

“ಹೆಣಾ ಇಲ್ಲ, ಖರೆ. ನೀ ಅದೀಯಲ್ಲ, ಅಕಿ ಹೊಟ್ಯಾಗಿಂದ ಬಂದಾಂವ. ಬಾ ಇಲ್ಲೆ.”

ಎರಡೂ ಕೈಯಿಂದ ಅವರ ಕೊರಳು ಬಗ್ಗಿಸಿ ಹಿಡಿದುಕೊಂಡಳು. ಸುರುಮಾಡಿದಳು.

ನಾನು ಇದನ್ನು ಬರೆಯಬಾರದು. ಆದರೂ ನಾಲ್ಕು ಸಾಲು ಕಿವಿಯಲ್ಲಿ ಇವೆ, ಹೋಗುತ್ತಿಲ್ಲ. ಹೊಳಿ ಬಂದ ವರ್ಷ ಹುಟ್ಟಿದಾಕಿ ನನ್ನಕ್ಕಾ. ಮರಿ ಹೊತಗೊಂಡು ಮುಳ್ಳಾಗ ಓಡಿದಾಕಿ ನನ್ನಕ್ಕಾ. ಗಂಡನ ಬೆನ್ನ ಹಿಂದ ದೇವರ ಬಿಟ್ಟಾಕಿ, ತಂಗೀನ ಬಿಡದಾಕಿ ನನ್ನಕ್ಕಾ. ಸಾತಪ್ಪನ ಹೆಸರೂ ಬಂತು. ಅವನು ಸಂತೆಯಲ್ಲಿ ಎಮ್ಮೆ ಕೊಳ್ಳಲು ಹೋಗಿ ಮೋಸಹೋದದ್ದು, ಹೆಂಡತಿಯ ಮೇಲೆ ಮುನಿಸಿಕೊಂಡು ಮೂರು ದಿನ ಉಣ್ಣದೇ ಇದ್ದು ನಾಲ್ಕನೆಯ ದಿನ ಗಡಿಗೆ ತುಂಬ ಅಂಬಲಿ ಕುಡಿದದ್ದು. ಇಷ್ಟು ವರ್ಷ ಯಾರೂ ಹೇಳದ ಮನುಷ್ಯ ಆ ಬೇವಿನ ಕೆಳಗೆ ಎದ್ದು ಓಡಾಡಿದ.

ಆಮೇಲೆ ಇದು ಬಂತು: ಗಂಡನ ಮಣ್ಣಿನ ದಿನ ಹಿತ್ತಲದಾಗ ಹೋಗಿ ಮಗ ಅತ್ತಾನಂತ, ಬಾಯಿಗೆ ಟಾವೆಲ್ ಒತ್ತಿ ಅತ್ತಾನಂತ. ಕಂಡು ಕಾಣದಂಗ ತಿರುಗಿದಾಕಿ ನನ್ನಕ್ಕಾ. ಮಗನ ಮಾನ ಸೆರಗಿನಾಗ ಕಟಗೊಂಡಾಕಿ ನನ್ನಕ್ಕಾ.

ಇದು ನನಗೂ ಗೊತ್ತಿರಲಿಲ್ಲ. ಹೊಳೆವ್ವ ನನಗೆ ಹೇಳಿರಲಿಲ್ಲ.

ಕಾಶಪ್ಪನವರು ಮಣ್ಣಿನಲ್ಲಿ ಕೂತುಬಿಟ್ಟರು. ಐವತ್ತೆರಡು ವರ್ಷದ ಗಂಡಸು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಇದುವರೆಗೆ ಕೇಳಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ಕೂತು ದನಿಗೂಡಿಸಿದರು. ಒಂದು ಗಂಟೆಯಾಯಿತೋ ಎರಡಾಯಿತೋ ತಿಳಿಯಲಿಲ್ಲ. ನಾನು ಯಾವ ಕೆಲಸಕ್ಕೂ ಬರಲಿಲ್ಲ. ಮಾಯವ್ವನ ನಾಯಿ ಕಾಶಪ್ಪನವರ ಮೇಲೆ ಹೋಗುತ್ತಿತ್ತು. ಅದರ ಕೊರಳಿನ ಹಗ್ಗ ಹಿಡಿದುಕೊಂಡು ಬೇವಿನ ಬುಡದಲ್ಲಿ ಕೂತಿದ್ದೆ. ಅತ್ತೆನೇನೋ, ಚಾಳೀಸು ಒದ್ದೆಯಾಗಿತ್ತು.

ಮಾಯವ್ವ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಉಂಡೆವು. ಬಸ್ಸು ಹತ್ತುವಾಗ ನನ್ನ ರಟ್ಟೆ ಹಿಡಿದು, “ನಮ್ಮ ಸೊಸಿ ಕರೆವ್ವ, ಬಾಣಂತಿ, ಹಾಸಗಿ ಹಿಡದಾಳ, ಯಾರ ಕೂಡನೂ ಮಾತಾಡವಲ್ಲಳು. ನೀ ಒಂದೀಟ ಬಂದು ಕುಂಡ್ರತೀಯೇನು?” ಎಂದಳು. ನಾಳೆ ಬರುತ್ತೇನೆ ಎಂದೆ.

ಜಮಖಂಡಿಯಲ್ಲಿ ಇಳಿದಾಗ ಆರೂವರೆ. ಕಾಶಪ್ಪನವರು ಏನೂ ಹೇಳದೆ ಕೈ ಮುಗಿದರು. ನಾನೂ ಮುಗಿದೆ. ಅವರು ಅವರ ಮನೆಯ ಕಡೆ ಹೋದರು, ನಾನು ಇತ್ತ ಬಂದೆ. ಬೆಳಗಿನ ಸಾವಳಗಿ ಬಸ್ಸು ಎಷ್ಟು ಹೊತ್ತಿಗೆ ಎಂದು ಅನ್ನವ್ವನನ್ನು ಕೇಳಿದೆ, ಏಳಕ್ಕಂತೆ. ಕಾಲು ತೊಳೆದು, ದೀಪ ಹಾಕಿ, ಇದನ್ನು ಬರೆಯಲು ಮೇಜಿಗೆ ಬಂದೆ.

ಮೇಜಿನ ಮೇಲೆ ಫಾರ್ಮು ಇದೆ. ಸಹಿಯ ಜಾಗ ಖಾಲಿ. ಪೋಸ್ಟಾಫೀಸು ಐದಕ್ಕೇ ಮುಚ್ಚಿದೆ.